ಮುಂದಿನ 25 ಮೈಕ್ರೊಸೆಕೆಂಡು

ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿನ ಫಲಕಗಳು ಕೊಡುವುದು ಡಿಸಿ. ಗ್ರಿಡ್ಡಿಗೆ ಸೇರಬೇಕಾದರೆ ಅದು ಎಸಿ ಆಗಬೇಕು. ಬೆಂಗಳೂರಿನ ಮೆಟ್ರೊ ರೈಲು ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ಎತ್ತಿಕೊಳ್ಳುತ್ತದೆ. ಅದರ ಮೋಟರಿಗೆ ಬೇಕಾದದ್ದು ಮೂರು ಫೇಸಿನ ಎಸಿ. ಎರಡೂ ಕಡೆ ನಡುವೆ ನಿಂತು ಕೆಲಸ ಮಾಡುವುದು ಇನ್ವರ್ಟರ್. ಅದರ ಸರಳ ರೂಪದಲ್ಲಿ ಆರು ಸ್ವಿಚ್ಚುಗಳಿರುತ್ತವೆ, ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ಅರೆವಾಹಕ ಸ್ವಿಚ್ಚುಗಳು. ಯಾವ ಸ್ವಿಚ್ಚು ಯಾವ ಗಳಿಗೆಯಲ್ಲಿ ಆನ್ ಆಗಬೇಕು ಎಂಬ ತೀರ್ಮಾನವನ್ನು ಯಾವ ಲೆಕ್ಕದ ಮೇಲೆ ಮಾಡಬೇಕು ಎನ್ನುವುದು ಹೊರಗಿನವರಿಗೆ ಸಣ್ಣ ಸಂಗತಿಯಾಗಿ ಕಾಣಬಹುದು. ಈ ಕೆಲಸದಲ್ಲಿರುವವರು ಅದರ ಮೇಲೆ ದಶಕಗಳಿಂದ ವಾದ ಮಾಡುತ್ತಿದ್ದಾರೆ. ವಿದ್ಯುತ್ತಿನಲ್ಲಿ ದೊಡ್ಡ ಪಾಲು ಇಂಥ ಪೆಟ್ಟಿಗೆಗಳ ಮೂಲಕವೇ ಹಾದು ಬರುವ ಕಾಲ ಬಂದಿರುವುದರಿಂದ, ಈ ವಾದ ನಮ್ಮೆಲ್ಲರದೂ ಹೌದು ಎಂದು ನಾನು ತಿಳಿದಿದ್ದೇನೆ.

ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಸಿಮೆಂಟು, ಉಕ್ಕಿನ ಕಾರ್ಖಾನೆಗಳಲ್ಲಿ ಮೋಟರ್ ಡ್ರೈವ್ ಕೂರಿಸಿ ಚಾಲೂ ಮಾಡಿಕೊಡುತ್ತಲೇ ತಲೆ ನರೆತವರು. ಇನ್ನೊಬ್ಬಳು ಇನ್ವರ್ಟರಿನ ಮುನ್ನೋಟದ ನಿಯಂತ್ರಣದ ಮೇಲೆ, ಅಂದರೆ ಆ ವಲಯದವರು ಎಂಪಿಸಿ ಎಂದು ಕರೆಯುವ ವಿಧಾನದ ಮೇಲೆ, ಸಂಶೋಧನೆ ಮಾಡುತ್ತಿರುವವಳು.

ಹಿರಿಯರು: ಕರೆಂಟಿನ ತಪ್ಪು ನೋಡಿ ಎಷ್ಟು ವೋಲ್ಟೇಜ್ ಬೇಕು ಅಂತ ಹೇಳೋ ಪಿಐ ಕಂಟ್ರೋಲರ್ ಒಂದು, ಅದರ ಹಿಂದೆ ಆ ವೋಲ್ಟೇಜನ್ನ ಸ್ವಿಚ್ಚುಗಳಿಗೆ ಹಂಚೋ ಪಿಡಬ್ಲ್ಯುಎಂ ಒಂದು. ಎಷ್ಟು ಕಾಲದಿಂದ ಇವೆರಡೇ ಬಹುಪಾಲು ಡ್ರೈವ್‌ಗಳನ್ನ ಓಡಿಸ್ತಾ ಬಂದಿವೆ. ನಿನಗೆ ಅದರಲ್ಲಿ ಏನು ಕೊರತೆ ಕಾಣಿಸ್ತು ಕಣಮ್ಮ?

ಯುವತಿ: ಓಡಿಸ್ತಿವೆ ಸರ್, ಇಲ್ಲ ಅನ್ನಲ್ಲ. ಆದ್ರೆ ಇನ್ವರ್ಟರ್ ಅಂದ್ರೆ ಏನು ಅನ್ನೋದನ್ನೇ ಅವು ಮುಚ್ಚಿಡ್ತವೆ. ಮೂರು ಲೆಗ್ ಇದೆ. ಒಂದೊಂದರಲ್ಲೂ ಮೇಲಿನ ಸ್ವಿಚ್ ಆನ್ ಇರ್ಬೇಕು, ಇಲ್ಲ ಕೆಳಗಿನದು. ಅಲ್ಲಿಗೆ ಒಟ್ಟು ಎಂಟೇ ಸ್ಥಿತಿ. ಅದರಲ್ಲೂ ಮೂರೂ ಮೇಲೆ, ಮೂರೂ ಕೆಳಗೆ ಅನ್ನೋ ಎರಡೂ ಒಂದೇ, ವೋಲ್ಟೇಜು ಸೊನ್ನೆ. ಇನ್ವರ್ಟರ್ ಕೈಲಿ ಇರೋದೇ ಏಳು ವೋಲ್ಟೇಜು. ಪಿಐ ಮಾತ್ರ ತನಗೆ ಯಾವ ವೋಲ್ಟೇಜ್ ಬೇಕಾದ್ರೂ ಸಿಗುತ್ತೆ ಅಂದ್ಕೊಂಡು ಕೇಳುತ್ತೆ. ಪಿಡಬ್ಲ್ಯುಎಂ ಆ ಏಳನ್ನೇ ಕಾಲದಲ್ಲಿ ಹಂಚಿ ಸರಾಸರಿ ಮಾಡಿ ಕೊಡುತ್ತೆ.

ಹಿರಿಯರು: ಸರಾಸರಿ ಸಾಕಲ್ಲ. ಮೋಟರಿನ ಇಂಡಕ್ಟೆನ್ಸು ಉಳಿದದ್ದನ್ನ ನಯ ಮಾಡುತ್ತೆ.

ಯುವತಿ: ಸಾಕು. ಆದ್ರೆ ಬೇರೆ ದಾರಿನೂ ಇದೆ. ಈಗ ಒಂದು ಲೆಕ್ಕ ನೋಡಿ. ಡಿಸಿ 600 ವೋಲ್ಟ್ ಅಂತಿಟ್ಟುಕೊಳ್ಳಿ. ಸೊನ್ನೆ ಅಲ್ಲದ ಒಂದೊಂದು ಸ್ಥಿತಿನೂ 400 ವೋಲ್ಟಿನ ಒಂದು ವೆಕ್ಟರ್ ಕೊಡುತ್ತೆ. ಲೋಡಿನ ಇಂಡಕ್ಟೆನ್ಸ್ 10 ಮಿಲಿಹೆನ್ರಿ. ನಾನು 25 ಮೈಕ್ರೊಸೆಕೆಂಡಿಗೆ ಒಂದು ಸಲ ಕರೆಂಟ್ ಅಳೀತೀನಿ. ಎದುರಿನ ವೋಲ್ಟೇಜ್ ಇಲ್ಲ ಅಂದ್ರೆ ಅಷ್ಟು ಹೊತ್ತಲ್ಲಿ ಕರೆಂಟ್ ಎಷ್ಟು ಜರುಗುತ್ತೆ? ಸರಿಯಾಗಿ ಒಂದು ಆಂಪಿಯರ್. ಅಂದ್ರೆ ಏಳು ಆಯ್ಕೆಯಲ್ಲಿ ಯಾವುದನ್ನ ಹಿಡಿದ್ರೆ ಮುಂದಿನ 25 ಮೈಕ್ರೊಸೆಕೆಂಡಲ್ಲಿ ಕರೆಂಟು ಎಲ್ಲಿರುತ್ತೆ ಅಂತ ಮೊದಲೇ ಹೇಳಬಹುದು. ಏಳನ್ನೂ ಲೆಕ್ಕ ಹಾಕಿ, ಬೇಕಾದ ಕಡೆಗೆ ಹತ್ತಿರ ಒಯ್ಯೋದನ್ನ ಆರಿಸ್ತೀನಿ. ಮತ್ತೆ ಅಳೀತೀನಿ, ಮತ್ತೆ ಆರಿಸ್ತೀನಿ. ಅಷ್ಟೇ ಸರ್. ಸರಾಸರಿ ಇಲ್ಲ, ಪಿಡಬ್ಲ್ಯುಎಂ ಇಲ್ಲ, ಗೇನ್ ಟ್ಯೂನಿಂಗ್ ಇಲ್ಲ.

ಹಿರಿಯರು: ಹೊಸದು ಅಂತ ಮಾತ್ರ ಹೇಳಬೇಡ. 1983ರಲ್ಲೇ ಜರ್ಮನಿಯ ಹೋಲ್ಟ್ಸ್ ಮತ್ತು ಸ್ಟಾಟ್‌ಫೆಲ್ಡ್ ಇಂಥದ್ದನ್ನ ಮಾಡಿ ತೋರಿಸಿದ್ರು. ಕರೆಂಟು ಗಡಿ ಮುಟ್ಟಿದಾಗ ಒಂದೊಂದು ಸ್ಥಿತಿಯಲ್ಲೂ ಅದು ಎತ್ತ ಹೋಗುತ್ತೆ ಅಂತ ಲೆಕ್ಕ ಹಾಕಿ ಆರಿಸೋದು. ಆಮೇಲೆ ಜಪಾನಿನ ಟಕಹಾಶಿ, ನೊಗುಚಿ, ಇತ್ತ ಜರ್ಮನಿಯ ಡೆಪೆನ್‌ಬ್ರಾಕ್ ಟಾರ್ಕನ್ನೇ ನೇರವಾಗಿ ಹಿಡಿಯೋ ವಿಧಾನ ತಂದ್ರು. ಅವರಿಗೂ ಪಿಡಬ್ಲ್ಯುಎಂ ಬೇಕಾಗಿರ್ಲಿಲ್ಲ.

ಯುವತಿ: ಹೊಸದು ಅಂತ ನಾನೂ ಹೇಳಲ್ಲ. ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ, ಅದೂ ಎಣ್ಣೆ ಸಂಸ್ಕರಣಾ ಘಟಕಗಳಿಗೆ. 1978ರಲ್ಲಿ ಫ್ರಾನ್ಸಿನ ರಿಶಾಲೆ ಮತ್ತು ಜೊತೆಗಾರರು ಬರೆದ್ರು. ಅದೇ ಹೊತ್ತಲ್ಲಿ ಶೆಲ್ ಕಂಪನಿಯ ಕಟ್ಲರ್, ರಮೇಕರ್ ತಮ್ಮದೇ ರೂಪ ಕೊಟ್ರು. ಅಲ್ಲಿ ಒಂದು ವಾಲ್ವ್ ತಿರುಗಿಸಿದ್ರೆ ಅದರ ಪರಿಣಾಮ ಕಾಣೋಕೆ ನಿಮಿಷಗಟ್ಟಲೆ ಬೇಕು, ಕಂಪ್ಯೂಟರಿಗೆ ಲೆಕ್ಕ ಮಾಡೋಕೆ ಪುರುಸೊತ್ತು ಇತ್ತು. ನಮಗೆ ಇರೋದು 25 ಮೈಕ್ರೊಸೆಕೆಂಡ್. ಆ ಪುರುಸೊತ್ತು ಸಿಕ್ಕಿದ್ದು ಪ್ರೊಸೆಸರ್ ಅಗ್ಗ ಆದ ಮೇಲೆ. 2007ರಲ್ಲಿ ಚಿಲಿ ದೇಶದ ವಾಲ್ಪರೈಸೊದಿಂದ ರೊಡ್ರಿಗೆಸ್ ಮತ್ತು ತಂಡದವರು ಇನ್ವರ್ಟರ್ ಕರೆಂಟಿನ ಮೇಲೆ ಬರೆದ ಪೇಪರ್ ಓದಿದ್ರೆ ಗೊತ್ತಾಗುತ್ತೆ, ಎಂ.ಟೆಕ್ ವಿದ್ಯಾರ್ಥಿನೂ ಬರೆದು ಓಡಿಸೋವಷ್ಟು ಸರಳ. ನಮ್ಮ ಪೀಳಿಗೆಯನ್ನ ಸೆಳೆದದ್ದು ಆ ಸರಳತೆ.

ಹಿರಿಯರು: ಸರಳ ಅಂತೀಯ. ಅಳೆದು, ಏಳು ಲೆಕ್ಕ ಮಾಡಿ, ಆರಿಸೋ ಹೊತ್ತಿಗೆ ಆ 25 ಮೈಕ್ರೊಸೆಕೆಂಡೇ ಮುಗಿದಿರುತ್ತೆ. ನಿನ್ನ ತೀರ್ಮಾನ ಹಳೇ ಕರೆಂಟಿನ ಮೇಲೆ ಆಗಿರುತ್ತೆ.

ಯುವತಿ: ಅದಕ್ಕೆ ಎರಡು ಹೆಜ್ಜೆ ಮುಂದೆ ನೋಡ್ತೀವಿ. ಈಗಾಗಲೇ ಕೊಟ್ಟಿರೋ ಆಜ್ಞೆಯಿಂದ ಮುಂದಿನ ಹೆಜ್ಜೆ ಎಲ್ಲಿ ಅಂತ ಮೊದಲು ಲೆಕ್ಕ, ಅಲ್ಲಿಂದ ಆಚೆಯದಕ್ಕೆ ಆಯ್ಕೆ. ಇದು ಬಗೆಹರಿದ ವಿಷಯ ಸರ್.

ಹಿರಿಯರು ತಲೆಯಾಡಿಸಿದರು. ವಿಳಂಬದ ಮಾತನ್ನು ಅವರು ಎತ್ತಿದ್ದು ಹುಡುಗಿಯ ಬುಡ ಎಷ್ಟು ಗಟ್ಟಿ ಎಂದು ನೋಡಲು ಇರಬೇಕು. ಅವರಿಗೆ ನಿಜಕ್ಕೂ ಕೇಳಬೇಕಾಗಿದ್ದದ್ದು ಬೇರೆ ಇತ್ತು.

ಹಿರಿಯರು: ಸರಿ, ಆ 10 ಮಿಲಿಹೆನ್ರಿ ಎಲ್ಲಿಂದ ತಂದೆ?

ಯುವತಿ: ಅಳೆದು.

ಹಿರಿಯರು: ಯಾವಾಗ ಅಳೆದೆ? ತಣ್ಣಗಿದ್ದಾಗ, ಸಣ್ಣ ಕರೆಂಟಲ್ಲಿ, ಲ್ಯಾಬ್ ಮೇಜಿನ ಮೇಲೆ. ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಫ್ಯಾನ್ ಡ್ರೈವ್ ಇತ್ತು. ಹಗಲೆಲ್ಲ ಚೆನ್ನಾಗಿ ಓಡೋದು, ಲೋಡು ಏರಿದ ಕೂಡಲೇ ಓವರ್‌ಕರೆಂಟ್ ಅಂತ ಟ್ರಿಪ್. ಹುಡುಕಿ ಹುಡುಕಿ ಕೊನೆಗೆ ಗೊತ್ತಾಗಿದ್ದು ಇಷ್ಟು: ಕರೆಂಟ್ ಏರಿದಂತೆ ಕಬ್ಬಿಣದ ಕೋರು ತುಂಬಿ ಹೋಗುತ್ತೆ, ಇಂಡಕ್ಟೆನ್ಸ್ ಕುಸಿಯುತ್ತೆ. ಕಾಗದದ ಮೇಲಿನ ಅಂಕಿ ಬೇರೆ, ಅಲ್ಲಿ ಇದ್ದದ್ದು ಬೇರೆ. ತಾಮ್ರದ ಕಥೆನೂ ಅಷ್ಟೇ, ಒಂದು ಡಿಗ್ರಿಗೆ ಶೇ. 0.4ರ ಹತ್ತಿರ ರೆಸಿಸ್ಟೆನ್ಸ್ ಏರುತ್ತೆ. 50 ಡಿಗ್ರಿ ಬಿಸಿಯಾದ್ರೆ ಶೇ. 20ರಷ್ಟು. ನಿನ್ನ 10 ಮಿಲಿಹೆನ್ರಿ 5 ಆಯ್ತು ಅಂತಿಟ್ಕೊ. ಒಂದು ಆಂಪಿಯರ್ ಜರುಗುತ್ತೆ ಅಂತ ನೀನು ಹೇಳಿದ್ದು ಎರಡು ಆಂಪಿಯರ್ ಜರುಗುತ್ತೆ. ಆಗ ನಿನ್ನ ಮುನ್ನೋಟ ಏನಾಗುತ್ತೆ?

ಯುವತಿ: ತಪ್ಪುತ್ತೆ. ಕರೆಂಟಿನ ರಿಪಲ್ ಹೆಚ್ಚುತ್ತೆ, ಸರಾಸರಿಯಲ್ಲೂ ಸ್ವಲ್ಪ ತಪ್ಪು ಉಳೀಬಹುದು.

ಹಿರಿಯರು: ಪಿಐ ನೋಡು. ಈಗ ತಪ್ಪು ಎಷ್ಟಿದೆಯೋ ಅದಕ್ಕೆ ತಕ್ಕಂತೆ ತಳ್ಳೋದು ‘ಪಿ’. ತಪ್ಪು ಎಷ್ಟು ಹೊತ್ತಿಂದ ಉಳಿದಿದೆ ಅಂತ ಕೂಡಿಸ್ತಾ ಹೋಗೋದು ‘ಐ’. ತಪ್ಪು ಸೊನ್ನೆ ಆಗೋತನಕ ಆ ‘ಐ’ ಬಿಡಲ್ಲ. ಮೋಟರಿನ ಒಳಗೆ ಏನಿದೆ ಅಂತ ಅದು ಕೇಳೋದೇ ಇಲ್ಲ. ನಮಗೆ ಗೊತ್ತಿಲ್ಲದ ಎಷ್ಟನ್ನ ಅದು ಹೊತ್ಕೊಂಡು ನಡೆಸಿಕೊಟ್ಟಿದೆ! ನೀನು ಹೋಗೋ ಜಾಗದಲ್ಲಿ ಎಲ್ಲ ಗೊತ್ತಿರೋದಿಲ್ಲ ಕಣಮ್ಮ. ಅಲ್ಲಿಗೆ ಎಲ್ಲ ಗೊತ್ತಿದ್ರೆ ಮಾತ್ರ ನಡೆಯೋ ಯಂತ್ರ ಒಯ್ದು ಏನು ಮಾಡ್ತೀಯ?

ಯುವತಿ: ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಆ ಪಿಐಗೆ ಗೇನ್, ಅಂದ್ರೆ ತಪ್ಪಿಗೆ ಎಷ್ಟು ಜೋರಾಗಿ ತಳ್ಳಬೇಕು ಅನ್ನೋ ಅಂಕಿ, ಎಷ್ಟು ಇಡಬೇಕು ಅಂತ ಹೇಗೆ ತೀರ್ಮಾನ ಮಾಡ್ತೀರಿ?

ಹಿರಿಯರು: ಎಷ್ಟು ಬ್ಯಾಂಡ್‌ವಿಡ್ತ್ ಬೇಕೋ ಅದನ್ನ ಇಂಡಕ್ಟೆನ್ಸಿಂದ ಗುಣಿಸಿ.

ಯುವತಿ: ನೋಡಿ, ಅದೇ ಇಂಡಕ್ಟೆನ್ಸು! ಅಂದ್ರೆ ನಿಮ್ಮಲ್ಲೂ ಮಾಡೆಲ್ ಇದೆ, ಗೇನ್ ಅನ್ನೋ ಒಂದು ಅಂಕಿಯೊಳಗೆ ಕರಗಿ ಹೋಗಿದೆ, ಅಷ್ಟೇ. ಇಂಡಕ್ಟೆನ್ಸ್ ಅರ್ಧ ಆದ್ರೆ ನಿಮ್ಮ ಲೂಪಿನ ವೇಗ ಎರಡರಷ್ಟು ಆಗುತ್ತೆ, ವಿಳಂಬದ ಜೊತೆ ಸೇರಿ ಓಲಾಡೋಕೆ ಶುರು ಮಾಡುತ್ತೆ. ನಿಮ್ಮ ಸಿಮೆಂಟ್ ಕಾರ್ಖಾನೆ ಡ್ರೈವ್ ಟ್ರಿಪ್ ಆಯ್ತಲ್ಲ, ಅದರಲ್ಲಿ ಇದ್ದದ್ದು ಪಿಐ ತಾನೇ?

ಹಿರಿಯರು: ಪಿಐಯೇ.

ಯುವತಿ: ಮತ್ತೆ?

ಹಿರಿಯರು: ಗೇನ್ ಇಳಿಸಿದೆ, ನಿಂತಿತು. ಒಂದು ಅಂಕಿ ಅಷ್ಟೇ. ಲೂಪು ಸ್ವಲ್ಪ ನಿಧಾನ ಆಯ್ತು, ಫ್ಯಾನಿಗೆ ಅದು ಗೊತ್ತೂ ಆಗಲಿಲ್ಲ. ಕೊನೆಗೆ ಕರೆಂಟು ಹೇಳಿದ ಕಡೆಗೇ ಬಂದು ನಿಲ್ತಿತ್ತು. ನಿನ್ನದು ಸಮಸ್ಥಿತಿಯಲ್ಲೂ ತಪ್ಪಬಹುದು ಅಂತ ನೀನೇ ಈಗ ಹೇಳಿದೆ. ಎರಡೂ ಒಂದೇ ಅಲ್ಲ.

ಯುವತಿ: ಒಪ್ಪಿದೆ, ಒಂದೇ ಅಲ್ಲ. ಅದಕ್ಕೆ ಈಗ ಆ ತಪ್ಪನ್ನ ಅಂದಾಜು ಮಾಡೋ ಅಬ್ಸರ್ವರ್ ಸೇರಿಸ್ತಿದೀವಿ, ಓಡುತ್ತಲೇ ಇಂಡಕ್ಟೆನ್ಸ್ ಅಂದಾಜು ಮಾಡ್ತಿದೀವಿ.

ಹಿರಿಯರು: ಮೊದಲಿನ ಸರಳತೆ ಅಲ್ಲಿಗೆ ಸ್ವಲ್ಪ ಕರಗಿತು.

ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಈ ಸುತ್ತಿನಲ್ಲಿ ನನಗೆ ಹಿರಿಯರ ಮಾತು ಹೆಚ್ಚು ತೂಗಿತು. ಆದರೆ ಗೇನ್ ಎಂಬ ಅಂಕಿಯೊಳಗೇ ಮಾಡೆಲ್ ಕರಗಿದೆ ಎಂದು ಅವಳು ತೋರಿಸಿದ್ದನ್ನು ಸುಲಭವಾಗಿ ಬದಿಗಿಡುವಂತಿಲ್ಲ. ಅರಿವಿಲ್ಲದೆ ಯಾವ ನಿಯಂತ್ರಣವೂ ಇಲ್ಲ. ಅರಿವನ್ನು ಎಲ್ಲಿ ಇಡುತ್ತೇವೆ, ಕಣ್ಣಿಗೆ ಕಾಣುವ ಹಾಗೆ ಇಡುತ್ತೇವೋ ಇಲ್ಲವೋ ಎಂಬುದರಲ್ಲೇ ಈ ಎರಡು ವಿಧಾನಗಳ ನಿಜವಾದ ಅಂತರ ಇದೆ ಎಂದು ನನಗೆ ಅನ್ನಿಸುತ್ತದೆ.

ಹಿರಿಯರು: ಇನ್ನೊಂದು. ನನ್ನ ಪಿಡಬ್ಲ್ಯುಎಂ 5 ಕಿಲೋಹರ್ಟ್ಸ್ ಅಂದ್ರೆ 5 ಕಿಲೋಹರ್ಟ್ಸ್. ಹಾರ್ಮೋನಿಕ್ಸ್ ಎಲ್ಲಿ ಬರುತ್ತೆ ಅಂತ ಮೊದಲೇ ಗೊತ್ತು. 5ರ ಅಕ್ಕಪಕ್ಕ, 10ರ ಅಕ್ಕಪಕ್ಕ. ಅದನ್ನ ನೋಡಿ ಫಿಲ್ಟರ್ ಮಾಡ್ತೀನಿ. ನಿನ್ನದು ಪ್ರತಿ 25 ಮೈಕ್ರೊಸೆಕೆಂಡಿಗೂ ಮನಸ್ಸಿಗೆ ಬಂದ ಸ್ಥಿತಿ ಆರಿಸುತ್ತೆ. ಒಮ್ಮೆ ಬದಲಾಯಿಸುತ್ತೆ, ಇನ್ನೊಮ್ಮೆ ಸುಮ್ನಿರುತ್ತೆ. ಹಾರ್ಮೋನಿಕ್ಸ್ ಎಲ್ಲ ಕಡೆ ಹರಡಿ ಹೋಗುತ್ತೆ.

ಯುವತಿ: ಹರಡಿದಾಗ ಯಾವ ಒಂದು ಕಡೆನೂ ದೊಡ್ಡ ಶಿಖರ ಇರಲ್ಲ. ಮೋಟರಿನ ಆ ಚುಚ್ಚೋ ಶಬ್ದನೂ ಕಡಿಮೆ.

ಹಿರಿಯರು: ರೈಲಿನ ವಿಷಯಕ್ಕೆ ಬಾ. ಹಳಿಯಲ್ಲೇ ಶ್ರವ್ಯ ಫ್ರೀಕ್ವೆನ್ಸಿಯ ಸಣ್ಣ ಸಿಗ್ನಲ್ ಹರಿಸಿ, ಆ ತುಂಡಿನ ಮೇಲೆ ರೈಲು ಇದೆಯೋ ಇಲ್ಲವೋ ಅಂತ ಪತ್ತೆ ಮಾಡೋ ಟ್ರ್ಯಾಕ್ ಸರ್ಕ್ಯೂಟುಗಳಿವೆ. ಟ್ರ್ಯಾಕ್ಷನ್ ಕರೆಂಟು ವಾಪಸ್ ಹೋಗೋದೂ ಅದೇ ಹಳಿಯಲ್ಲಿ. ಆ ಫ್ರೀಕ್ವೆನ್ಸಿಯ ಪಟ್ಟಿಯಲ್ಲಿ ನಿನ್ನ ಇನ್ವರ್ಟರಿನ ಹಾರ್ಮೋನಿಕ್ ಇಷ್ಟಕ್ಕಿಂತ ಹೆಚ್ಚು ಇರಕೂಡದು ಅಂತ ಸಿಗ್ನಲ್‌ನವರು ಬರೆದು ಕೊಡ್ತಾರೆ. ನಾನು ಸ್ವಿಚಿಂಗ್ ಫ್ರೀಕ್ವೆನ್ಸಿ ಆರಿಸೋವಾಗಲೇ ಆ ಪಟ್ಟಿ ತಪ್ಪಿಸ್ತೀನಿ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹರಡಿದೀನಿ ಅಂತ ನೀನು ಹೇಳಿದ್ರೆ ಅವರು ಸಹಿ ಹಾಕಲ್ಲ.

ಯುವತಿ: ಹಾಕಬಾರದು ಕೂಡ. ಅಲ್ಲಿ ಬರೀ ಏಳು ಸ್ಥಿತಿಯಲ್ಲಿ ಒಂದನ್ನ ಆರಿಸೋ ರೂಪ ನಡೆಯಲ್ಲ ಅಂತ ನಾನೇ ಹೇಳ್ತೀನಿ. ಎಂಪಿಸಿ ಅಂದ್ರೆ ಅದೊಂದೇ ಅಲ್ಲ ಸರ್. ಮುನ್ನೋಟದಿಂದ ವೋಲ್ಟೇಜ್ ಲೆಕ್ಕ ಹಾಕಿ, ಅದನ್ನ ಪಿಡಬ್ಲ್ಯುಎಂಗೆ ಕೊಡೋ ಬಗೆನೂ ಇದೆ. ಆಗ ಫ್ರೀಕ್ವೆನ್ಸಿ ನಿಮ್ಮದರಂತೆಯೇ ಸ್ಥಿರ. ಇನ್ನೊಂದು ಕಡೆ ನೋಡಿ. ಕೆಲವು ಸಾವಿರ ವೋಲ್ಟಿನ ದೊಡ್ಡ ಡ್ರೈವುಗಳಲ್ಲಿ ಸ್ವಿಚಿಂಗ್ ನಷ್ಟ ತಡೆಯೋಕೆ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಸ್ವಿಚ್ ಮಾಡ್ತಾರೆ. ಅಲ್ಲಿ ಒಂದು ಎಸಿ ಅಲೆಗೆ ಬೆರಳೆಣಿಕೆಯಷ್ಟು ಸ್ವಿಚಿಂಗ್. ನಿಮ್ಮ ‘ಸರಾಸರಿ’ ಅನ್ನೋ ಊಹೆ ಅಲ್ಲಿ ನಿಲ್ಲಲ್ಲ, ಪಿಐ ನಿಧಾನ ಆಗಲೇಬೇಕು.

ಹಿರಿಯರು: ಅಲ್ಲಿ ಪಿಐಗೆ ಕಷ್ಟ. ಅದನ್ನ ನಾನು ಕಣ್ಣಾರೆ ಕಂಡಿದೀನಿ.

ಯುವತಿ: ಎಬಿಬಿ ಕಂಪನಿ ಆ ದರ್ಜೆಯ ಡ್ರೈವಿಗೆ ಮುನ್ನೋಟದ ವಿಧಾನವನ್ನ ಮಾರುಕಟ್ಟೆಗೇ ತಂದಿದೆ. ಹಾರ್ಮೋನಿಕ್ಸ್ ಅತ್ಯಂತ ಕಡಿಮೆ ಬರೋ ಸ್ವಿಚಿಂಗ್ ಮಾದರಿಗಳನ್ನ ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿರ್ತಾರೆ. ಓಡುವಾಗ ಲೋಡು ಬದಲಾದ್ರೆ ಆ ಸ್ವಿಚಿಂಗ್ ಗಳಿಗೆಗಳನ್ನ ಸ್ವಲ್ಪ ಹಿಂದೆ ಮುಂದೆ ಸರಿಸೋ ಕೆಲಸ ಮಾತ್ರ ಮುನ್ನೋಟದ್ದು.

ಹಿರಿಯರು: ನೋಡು ಮತ್ತೆ. ಕಾರ್ಖಾನೆಗೆ ಬಂದು ನಿಂತದ್ದು ಯಾವುದು? ಮೊದಲೇ ಗೊತ್ತಿರೋ, ಸ್ಥಿರವಾದ ಮಾದರಿ ಇರೋದು. ನಿನ್ನ ಪೇಪರುಗಳಲ್ಲಿ ಬರೋ ಸ್ವಚ್ಛಂದದ್ದಲ್ಲ.

ಯುವತಿ: ಬಂದು ನಿಂತದ್ದರೊಳಗೆ ಮುನ್ನೋಟ ಇದೆಯಲ್ಲ ಸರ್. ನೀವು ಅರ್ಧ ಗ್ಲಾಸನ್ನ ನಿಮ್ಮ ಕಡೆ ಎಳ್ಕೋತಿದೀರಿ.

ಇಬ್ಬರೂ ನಕ್ಕರು. ಆಮೇಲೆ ಮಾತು ಎಷ್ಟು ದೂರ ಮುಂದೆ ನೋಡಬೇಕು ಎಂಬುದಕ್ಕೆ ತಿರುಗಿತು. ಒಂದೇ ಹೆಜ್ಜೆ ಮುಂದೆ ನೋಡುವವನು ಆಡು-ಹುಲಿ ಆಟದಲ್ಲಿ ಸಿಕ್ಕ ಆಡನ್ನೆಲ್ಲ ಹಾರಿ ಹೊಡೆದು, ತಾನೇ ಕಟ್ಟಿಗೆ ಬೀಳುತ್ತಾನೆ. ಇನ್ವರ್ಟರಿನಲ್ಲೂ ಈಗಿನ ಕರೆಂಟಿಗೆ ಚೆನ್ನಾಗಿ ಕಾಣುವ ಆಯ್ಕೆ ಮುಂದೆ ಎರಡು ಮೂರು ಅನಗತ್ಯ ಸ್ವಿಚಿಂಗಿಗೆ ದಾರಿ ಮಾಡಬಹುದು. ದೂರ ನೋಡಿದರೆ ಕಡಿಮೆ ಸ್ವಿಚಿಂಗಿನಲ್ಲಿ ಅಷ್ಟೇ ಒಳ್ಳೆಯ ಕರೆಂಟು ಸಿಗುತ್ತದೆ, ಬಿಸಿ ಕಡಿಮೆಯಾಗುತ್ತದೆ. ಕಷ್ಟ ಲೆಕ್ಕದ್ದು. ಒಂದೊಂದು ಲೆಗ್ಗಿನಲ್ಲೂ ಎರಡರ ಬದಲು ಮೂರು ಆಯ್ಕೆ ಇರುವ ಮೂರು ಹಂತದ ಇನ್ವರ್ಟರಿಗೆ 27 ಸ್ಥಿತಿಗಳು. ಹತ್ತು ಹೆಜ್ಜೆ ಮುಂದೆ ನೋಡಬೇಕೆಂದರೆ ಹತ್ತು 27ಗಳನ್ನು ಒಂದಕ್ಕೊಂದು ಗುಣಿಸಬೇಕು. ಎರಡು ನೂರು ಲಕ್ಷ ಕೋಟಿಗೂ ಹೆಚ್ಚು ದಾರಿಗಳು, ಅದೂ 25 ಮೈಕ್ರೊಸೆಕೆಂಡಿನೊಳಗೆ. ಗೇಯರ್ ಮತ್ತು ಕೆವೆಡೊ 2014ರಲ್ಲಿ ಸಂವಹನ ಶಾಸ್ತ್ರದಿಂದ ಒಂದು ಹುಡುಕಾಟದ ಉಪಾಯ ತಂದು, ಅದರಲ್ಲಿ ಬಹುಪಾಲು ದಾರಿಗಳನ್ನು ನೋಡದೆಯೇ ಕೈಬಿಡಬಹುದೆಂದು ತೋರಿಸಿದರು. ಈ ಬೆಳವಣಿಗೆಯ ಬಗ್ಗೆ ಅವಳು ಹೇಳುವಾಗ ಹಿರಿಯರೂ ಉತ್ಸಾಹದಿಂದ ಕೇಳಿದರು. ಗಣಿತದ ಸೊಗಸಿಗೆ ವಾದ ಅಡ್ಡ ಬರಲಿಲ್ಲ.

ಹಿರಿಯರು: ಆ ಮೂರು ಹಂತದ ಇನ್ವರ್ಟರಿನಲ್ಲಿ ಡಿಸಿಯ ನಡುವಿನ ಬಿಂದುವಿನ ವೋಲ್ಟೇಜೂ ಕಾಯಬೇಕು. ಕರೆಂಟೂ ಸರಿ ಇರಬೇಕು. ಸ್ವಿಚಿಂಗೂ ಕಡಿಮೆ ಇರಬೇಕು. ಮೂರನ್ನೂ ಹೇಗೆ ಕೂಡಿಸ್ತೀಯ?

ಯುವತಿ: ಕಾಸ್ಟ್ ಫಂಕ್ಷನ್ ಅಂತ ಬರೀತೀವಿ. ಕರೆಂಟಿನ ತಪ್ಪು, ಜೊತೆಗೆ ಒಂದು ತೂಕದಿಂದ ಗುಣಿಸಿದ ವೋಲ್ಟೇಜಿನ ತಪ್ಪು, ಜೊತೆಗೆ ಇನ್ನೊಂದು ತೂಕದಿಂದ ಗುಣಿಸಿದ ಸ್ವಿಚಿಂಗ್ ಸಂಖ್ಯೆ. ಒಟ್ಟು ಮೊತ್ತ ಯಾವುದರಲ್ಲಿ ಕಡಿಮೆಯೋ ಅದು.

ಹಿರಿಯರು: ಆಂಪಿಯರಿಗೆ ವೋಲ್ಟ್ ಕೂಡಿಸಿ, ಅದಕ್ಕೆ ಎಣಿಕೆ ಕೂಡಿಸಿ. ಆ ತೂಕ ಯಾರು ಇಡೋರು?

ಯುವತಿ: ನಾನು.

ಹಿರಿಯರು: ಯಾವ ಆಧಾರದ ಮೇಲೆ?

ಯುವತಿ: ನಿಜ ಹೇಳಬೇಕು ಅಂದ್ರೆ, ಬಹಳ ಸಲ ಸಿಮ್ಯುಲೇಷನ್ ಓಡಿಸಿ ನೋಡಿ. ಇದಕ್ಕೆ ಎಲ್ಲರೂ ಒಪ್ಪಿರೋ ಒಂದು ಸೂತ್ರ ಇಲ್ಲ. ಇದು ನಮ್ಮ ವಿಧಾನದ ದೊಡ್ಡ ನೋವು.

ಹಿರಿಯರು: ಟ್ಯೂನಿಂಗ್ ಇಲ್ಲ ಅಂದೆ. ಹೆಸರು ಬದಲಾಯ್ತು, ಕೆಲಸ ಅಲ್ಲೇ ಉಳೀತು. ನನ್ನ ಗೇನಿಗಾದ್ರೂ ಫೇಸ್ ಮಾರ್ಜಿನ್ ಅಂತ, ಲೂಪು ಓಲಾಡೋದರಿಂದ ಎಷ್ಟು ದೂರ ಇದೆ ಅಂತ ಹೇಳೋ, ಒಂದು ಅಳತೆ ಇದೆ. 60 ಡಿಗ್ರಿ ಇದೆ ಅಂದ್ರೆ ಇನ್ನೊಬ್ಬ ಇಂಜಿನಿಯರಿಗೆ ನೆಮ್ಮದಿ. ನಿನ್ನ ತೂಕಕ್ಕೆ ಅಂಥ ಒಂದು ಅಂಕಿ ಕೊಡು.

ಯುವತಿ: ಅಷ್ಟು ಸರಳವಾದದ್ದು ನನ್ನ ಹತ್ರ ಇಲ್ಲ. ಆದ್ರೆ ಟ್ಯೂನಿಂಗ್ ಅಲ್ಲೇ ಉಳೀತು ಅನ್ನೋದನ್ನ ಒಪ್ಪಲ್ಲ. ನಿಮ್ಮ ಡ್ರೈವಿನಲ್ಲಿ ಕರೆಂಟಿಗೆ ಒಂದು ಪಿಐ, ನಡುಬಿಂದುವಿಗೆ ಬೇರೆ ಒಂದು ಉಪಾಯ, ನಷ್ಟ ಕಡಿಮೆ ಮಾಡೋಕೆ ಪಿಡಬ್ಲ್ಯುಎಂನಲ್ಲಿ ಇನ್ನೊಂದು. ಮೂರಕ್ಕೂ ಜಗಳ ಬಂದಾಗ ಯಾವುದು ಗೆಲ್ಲಬೇಕು ಅಂತ ಎಲ್ಲಿ ಬರೆದಿದೆ?

ಹಿರಿಯರು: ಬರೆದಿಲ್ಲ. ಮಾಡ್ತಾ ಮಾಡ್ತಾ ಗೊತ್ತಾಗುತ್ತೆ.

ಯುವತಿ: ಯಾರಿಗೆ ಗೊತ್ತಾಗುತ್ತೆ? ನಿಮಗೆ. ನೀವು ನಿವೃತ್ತರಾದ ಮೇಲೆ ಆ ಡ್ರೈವ್ ನೋಡೋನಿಗೆ ಗೊತ್ತಾಗಲ್ಲ. ನನ್ನದರಲ್ಲಿ ಒಂದು ಸಾಲು ಇದೆ ಸರ್. ಯಾವುದಕ್ಕೆ ಎಷ್ಟು ಬೆಲೆ ಕೊಟ್ಟಿದೀನಿ ಅಂತ ಅದರಲ್ಲಿ ಬರೆದಿಟ್ಟಿದೀನಿ. ತಪ್ಪಿದ್ರೆ ಇದು ತಪ್ಪು ಅಂತ ಬೆರಳಿಟ್ಟು ತೋರಿಸಬಹುದು.

ಹಿರಿಯರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅವರ ಅನುಭವ ಎಷ್ಟೋ ಕಾರ್ಖಾನೆಗಳನ್ನು ನಿಲ್ಲದಂತೆ ಕಾಪಾಡಿದೆ. ಅದರಲ್ಲಿ ಹೆಚ್ಚಿನದು ಎಲ್ಲೂ ಬರಹಕ್ಕೆ ಇಳಿದಿಲ್ಲ. ನಮ್ಮ ನಾಡಿನ ಬಹಳಷ್ಟು ಯಂತ್ರಜ್ಞಾನ ಹೀಗೇ ಒಬ್ಬೊಬ್ಬರ ಕೈಯಲ್ಲಿ ಉಳಿದು ಅವರೊಂದಿಗೇ ಹೊರಟುಹೋಗುವುದು ನನಗೆ ಬಹಳ ಸಂಕಟದ ಸಂಗತಿ. ಮತ್ತೆ ಮಾತು ಎತ್ತಿದಾಗ ಅವರು ಬೇರೆಯೇ ಕಡೆಯಿಂದ ಬಂದರು.

ಹಿರಿಯರು: ನಿನಗೆ 2016ರ ಆಗಸ್ಟ್ 16ರ ಕಥೆ ಗೊತ್ತಿರಬೇಕು. ಕ್ಯಾಲಿಫೋರ್ನಿಯದ ಬ್ಲೂ ಕಟ್ ಕಾಡ್ಗಿಚ್ಚು.

ಯುವತಿ: ಗೊತ್ತು. ಬೆಂಕಿಯಿಂದ ಟ್ರಾನ್ಸ್‌ಮಿಷನ್ ಲೈನುಗಳಲ್ಲಿ ಫಾಲ್ಟ್ ಆಯ್ತು. ಸುಮಾರು 1,200 ಮೆಗಾವಾಟ್ ಸೋಲಾರ್ ಒಮ್ಮೆಗೇ ಹೋಯ್ತು.

ಹಿರಿಯರು: ಹೋದದ್ದು ಯಾಕೆ? ಲೈನಿನ ಫಾಲ್ಟು ಪ್ಯಾನೆಲ್ಲುಗಳನ್ನ ಕಡಿದು ಹಾಕಿರ್ಲಿಲ್ಲ. ಫಾಲ್ಟ್ ಆದ ಕ್ಷಣ ವೋಲ್ಟೇಜಿನ ಅಲೆ ಜಿಗೀತು. ಇನ್ವರ್ಟರುಗಳು ಆ ಜಿಗಿತವನ್ನೇ ಅಳೆದು, ಫ್ರೀಕ್ವೆನ್ಸಿ ಕುಸೀತು ಅಂತ ತಿಳ್ಕೊಂಡ್ವು. ನಿಜವಾದ ಫ್ರೀಕ್ವೆನ್ಸಿ ಅಷ್ಟು ಇಳಿದಿರ್ಲೇ ಇಲ್ಲ. ಅರ್ಧಕ್ಕಿಂತ ಹೆಚ್ಚು, ಸುಮಾರು 700 ಮೆಗಾವಾಟ್, ಈ ತಪ್ಪು ತಿಳಿವಳಿಕೆಯಿಂದಲೇ ಕೈಬಿಟ್ಟಿದ್ದು. ಪರಿಹಾರ ಏನು ಕೊಟ್ರು? ತಡ ಮಾಡು, ಸ್ವಲ್ಪ ಹೊತ್ತು ನೋಡಿ ಆಮೇಲೆ ತೀರ್ಮಾನ ಮಾಡು ಅಂತ. ನೀನು 25 ಮೈಕ್ರೊಸೆಕೆಂಡಲ್ಲಿ ತೀರ್ಮಾನ ಮಾಡೋದೇ ಹೆಚ್ಚುಗಾರಿಕೆ ಅಂತೀಯ. ಸಾವಿರಾರು ಇನ್ವರ್ಟರ್ ಒಂದೇ ಸಲ ಅಷ್ಟು ಬೇಗ ತಪ್ಪು ತೀರ್ಮಾನ ಮಾಡಿದ್ರೆ?

ಯುವತಿ: ಅದು ಎಂಪಿಸಿ ತಪ್ಪಲ್ಲ ಸರ್, ಅಳತೆಯ ತಪ್ಪು, ಟ್ರಿಪ್ ಮಾಡೋ ನಿಯಮದ ತಪ್ಪು.

ಹಿರಿಯರು: ಎಂಪಿಸಿ ತಪ್ಪು ಅಂತ ನಾನೆಲ್ಲಿ ಹೇಳಿದೆ? ವೇಗವನ್ನೇ ಗುಣ ಅಂತ ನಂಬೋದರ ಬಗ್ಗೆ ಹೇಳ್ತಿದೀನಿ.

ಯುವತಿ: ಸರಿ, ಹಾಗಾದ್ರೆ ಅದೇ ಫಾಲ್ಟನ್ನ ಪಾವಗಡದ ಇನ್ವರ್ಟರಿನ ಕಡೆಯಿಂದ ನೋಡೋಣ. ಹಳೇ ಥರ್ಮಲ್ ಸ್ಥಾವರದ ಜನರೇಟರ್ ಫಾಲ್ಟ್ ಹೊತ್ತಲ್ಲಿ ತನ್ನ ರೇಟಿಂಗಿನ ಐದಾರು ಪಟ್ಟು ಕರೆಂಟನ್ನೂ ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ. ಕಬ್ಬಿಣ, ತಾಮ್ರದ ಗುಡ್ಡ ಅದು. ನಮ್ಮ ಇನ್ವರ್ಟರಿನ ಐಜಿಬಿಟಿ ಸ್ವಿಚ್ಚಿಗೆ ಅಷ್ಟು ಶಕ್ತಿ ಇಲ್ಲ, ರೇಟಿಂಗಿನ ಮೇಲೆ ಸ್ವಲ್ಪವೇ ಹೆಚ್ಚು. ಗ್ರಿಡ್ ನಿಯಮ ಏನು ಹೇಳುತ್ತೆ? ವೋಲ್ಟೇಜ್ ಕುಸಿದಾಗಲೂ ಬಿಟ್ಟು ಹೋಗಬೇಡ, ಜೊತೆಗಿರು ಅನ್ನುತ್ತೆ. ಬಿಟ್ಟು ಹೋಗದೆ ಇರಬೇಕು ಅಂದ್ರೆ ಕರೆಂಟ್ ಮಿತಿ ಮೀರದಂತೆ ಪ್ರತಿ ಗಳಿಗೆನೂ ಹಿಡೀಬೇಕು. ಈ ಮಿತಿ ದಾಟೋ ಆಯ್ಕೆ ಬೇಡವೇ ಬೇಡ ಅಂತ ಎಂಪಿಸಿಯಲ್ಲಿ ನೇರವಾಗಿ ಬರೀಬಹುದು. ನಿಮ್ಮ ಪಿಐ ಮಿತಿ ಮುಟ್ಟಿದಾಗ ‘ಐ’ ಕೂಡಿಸ್ತಾನೇ ಹೋಗಿ ಉಬ್ಬಿಕೊಳ್ಳುತ್ತೆ. ಅದಕ್ಕೆ ಬೇರೆ ತಡೆ ಹಾಕಬೇಕು.

ಹಿರಿಯರು: ಆಂಟಿ-ವೈಂಡಪ್ ಹಾಕ್ತೀವಿ.

ಯುವತಿ: ಹಾಕ್ತೀರಿ, ತೇಪೆ ಥರ. ನಾನು ಹೇಳೋದು, ಬೇಗ ಬಿಟ್ಟು ಹೋಗೋಕೆ ವೇಗ ಬೇಡ, ಬಿಟ್ಟು ಹೋಗದೆ ಇರೋಕೆ ವೇಗ ಬೇಕು.

ಹಿರಿಯರು: ಒಳ್ಳೇ ಮಾತು. ಆದ್ರೆ ಫಾಲ್ಟ್ ಆದ ಗಳಿಗೆಯಲ್ಲಿ ಗ್ರಿಡ್ಡಿನ ಇಂಪೀಡೆನ್ಸೇ ಬದಲಾಗಿರುತ್ತೆ. ನಿನ್ನ ಮಾಡೆಲ್ ಅತಿ ಹೆಚ್ಚು ತಪ್ಪೋದು ನಿನಗೆ ಅದು ಅತಿ ಹೆಚ್ಚು ಬೇಕಾದಾಗ.

ಯುವತಿ: ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಆದ್ರೆ ನಿಮಗೊಂದು ಹೇಳ್ತೀನಿ. ಮಾಡೆಲ್ ತಪ್ಪಿದೆ ಅಂತ ನನಗೆ ತಕ್ಷಣ ಗೊತ್ತಾಗುತ್ತೆ.

ಹಿರಿಯರು: ಹೇಗೆ?

ಯುವತಿ: ಒಂದು ಆಂಪಿಯರ್ ಜರುಗುತ್ತೆ ಅಂತ ಹೇಳಿದೆ, ಎರಡು ಜರುಗಿತು. ಹೇಳಿದ್ದಕ್ಕೂ ಆದದ್ದಕ್ಕೂ ಇರೋ ಅಂತರ ಪ್ರತಿ 25 ಮೈಕ್ರೊಸೆಕೆಂಡಿಗೂ ನನ್ನ ಕೈಗೆ ಸಿಗುತ್ತೆ. ಇಂಡಕ್ಟರಿನ ಕೋರ್ ತುಂಬ್ತಿದ್ರೆ, ಫಿಲ್ಟರ್ ಕೆಪಾಸಿಟರ್ ಹಳೇದಾಗ್ತಿದ್ರೆ, ಆ ಅಂತರ ದಿನದಿಂದ ದಿನಕ್ಕೆ ಬೆಳೆಯೋದು ಕಾಣುತ್ತೆ. ನಿಮ್ಮ ಪಿಐ ಒಳಗಿನ ‘ಐ’ ಇದೆಯಲ್ಲ, ಅದು ಆ ದೋಷವನ್ನೂ ತಾನೇ ಹೊತ್ಕೊಂಡು ಮುಚ್ಚಿಬಿಡುತ್ತೆ. ಕರೆಂಟ್ ಸರಿಯಾಗೇ ಬರ್ತಿರುತ್ತೆ, ಎಲ್ಲ ಚೆನ್ನಾಗಿದೆ ಅಂದ್ಕೋತೀರಿ. ಒಂದು ದಿನ ಟ್ರಿಪ್.

ಹಿರಿಯರು: ಹಗಲೆಲ್ಲ ಓಡಿ, ಲೋಡ್ ಏರಿದಾಗ ಟ್ರಿಪ್.

ಯುವತಿ: ಹೂಂ.

ಹಿರಿಯರು: ಈ ಕಡೆಯಿಂದ ನಾನು ಯೋಚನೆ ಮಾಡಿರ್ಲಿಲ್ಲ. ಆದ್ರೂ ಕೇಳು. ಆ ಅಂತರ ಬೆಳೀತಿದೆ ಅಂತ ಪ್ಯಾನೆಲ್ ಮೇಲೆ ತೋರಿಸ್ತೀಯ ಅಂತಿಟ್ಕೊ. ರಾತ್ರಿ ಪಾಳಿಯಲ್ಲಿ ನಿಂತಿರೋ ಐಟಿಐ ಹುಡುಗನಿಗೆ ಅದು ಏನು ಹೇಳುತ್ತೆ? ಅವನಿಗೆ ಗೇನ್ ಇಳಿಸು ಅಂತ ಫೋನಲ್ಲಿ ಹೇಳಬಹುದು. ಕಾಸ್ಟ್ ಫಂಕ್ಷನ್ನಿನ ಎರಡನೇ ತೂಕ ತಿದ್ದು ಅಂತ ಹೇಳೋಕಾಗುತ್ತಾ?

ಯುವತಿ: ಯಾಕಾಗಬಾರದು? ಗೇನ್ ಅಂದ್ರೆ ಏನು ಅಂತ ಅವನಿಗೆ ಹುಟ್ಟಿನಿಂದ ಗೊತ್ತಿತ್ತಾ? ಯಾರೋ ಕೂತು ಕಲಿಸಿದ್ರು.

ಹಿರಿಯರು: ಕಲಿಸೋಕೆ ಮೊದಲು ಅದು ಕಲಿಸೋ ಸ್ಥಿತಿಗೆ ಬರಬೇಕು. ಈಗ ಅದು ನಿನ್ನ ಕೈಯಲ್ಲಿ ಮಾತ್ರ ಓಡುತ್ತೆ ಅಂತ ನನ್ನ ಅನುಮಾನ.

ಯುವತಿ: ಪರೀಕ್ಷೆ ಮಾಡಿ ನೋಡಿ ಬೇಕಾದ್ರೆ.

ಹಿರಿಯರು: ಮಾಡೋಣ. ತೂಕ ನೀನು ಇಡಬೇಡ. ನೀನು ಬರೆದ ಪೇಪರ್ ಮಾತ್ರ ಓದ್ಕೊಂಡು ನಾನು ಇಡ್ತೀನಿ. ಒಂದು ಮಾತೂ ನಿನ್ನ ಕೇಳಲ್ಲ.

ಯುವತಿ: ಆಗಲಿ. ಹಾಗಾದ್ರೆ ಪಿಐ ಗೇನ್ ನಾನು ಇಡ್ತೀನಿ, ನಿಮ್ಮ ಹಳೇ ಕಮಿಷನಿಂಗ್ ನೋಟ್ಸ್ ಮಾತ್ರ ನೋಡ್ಕೊಂಡು. ಬರೆದಿಟ್ಟಿದೀರಿ ತಾನೇ?

ಹಿರಿಯರು: ಸ್ವಲ್ಪ ಬರೆದಿದೀನಿ. ಉಳಿದದ್ದನ್ನ ಈ ವಾರ ಕೂತು ಬರೀತೀನಿ. ಇಂಡಕ್ಟರ್ ಮಾತ್ರ ನೀನೂ ಆರಿಸಬೇಡ, ನಾನೂ ಆರಿಸಲ್ಲ. ಲ್ಯಾಬಿನಲ್ಲಿ ಬೇರೆ ಯಾರಾದ್ರೂ ತಂದು ಜೋಡಿಸ್ಲಿ, ಅಂಕಿ ನಮ್ಮಿಬ್ಬರಿಗೂ ಹೇಳೋದು ಬೇಡ.

ಯುವತಿ: ಕೋರ್ ತುಂಬೋ ಅಂಥದ್ದೇ ತರೋಕೆ ಹೇಳಲಾ?

ಹಿರಿಯರು: ಅದನ್ನೂ ನಾವು ಹೇಳೋದು ಬೇಡ.